ಒಪ್ಪಿಸಿದ ಗಿರಣಿ

ಮನೆ ಬಿಟ್ಟು ಮಠಕ್ಕೆ ಬಂದು ಮೂರು ತಿಂಗಳಾಗಿದ್ದ ಬಾಳಯ್ಯ ಒಂದು ದಿನ ಗುರುಗಳನ್ನು ಕೇಳಿದ: “ಬುದ್ಧಿ, ಹೊಣೆಯನ್ನು ಇನ್ನೊಬ್ಬರಿಗೆ ಒಪ್ಪಿಸಿದ ಮೇಲೆ ನಾವು ಅದರಿಂದ ಬಿಡುಗಡೆಯಾದಂತೆಯೇ ಅಲ್ಲವೇ? ಮತ್ತೇಕೆ ನನಗೆ ದೀಕ್ಷೆ ಕೊಡಲು ತಡಮಾಡುತ್ತೀರಿ?”

ಗುರುಗಳು ನಕ್ಕು, ನಿನ್ನ ಅವಸರ ಕಂಡರೆ ನನಗೊಬ್ಬ ಗಿರಣಿಯವನ ನೆನಪಾಗುತ್ತದೆ, ಕೂತುಕೋ ಎಂದು ಹೇಳತೊಡಗಿದರು.

ಒಬ್ಬ ಗಿರಣಿಯವನಿದ್ದ. ಹಿಟ್ಟಿನ ಗಿರಣಿ ಹಾಕಲು ಬ್ಯಾಂಕಿನಲ್ಲಿ ಸಾಲ ಎತ್ತಿದ್ದ. ಸಣ್ಣ ಉದ್ಯೋಗ ಮಾಡುವವರಿಗೆಂದು ಸರ್ಕಾರವೇ ಜಾಮೀನು ನಿಲ್ಲುತ್ತದಲ್ಲ, ಆ ಸಾಲ. ನಾಲ್ಕು ವರ್ಷ ತಪ್ಪದೆ ಕಂತು ಕಟ್ಟಿದ. ಆಮೇಲೆ ಹಿಟ್ಟಿನ ಧೂಳು ಎದೆಗೆ ಕೂತು ಕೆಮ್ಮು ಹಿಡಿಯಿತು. ಸಾಕಪ್ಪಾ ಸಾಕು ಅನ್ನಿಸಿತು. ಅದೇ ಊರಿನ ಬಡಗಿಯೊಬ್ಬ, ಗಿರಣಿ ನಾನು ನಡೆಸುತ್ತೇನೆ, ಉಳಿದ ಕಂತೂ ನಾನೇ ಕಟ್ಟುತ್ತೇನೆ ಎಂದ. ಐದು ಮಂದಿ ಹಿರಿಯರನ್ನು ಕೂರಿಸಿದರು. ಗಿರಣಿಯವನು ಎಲೆ ಅಡಿಕೆಯ ಮೇಲೆ ಬೀಗದ ಕೈ ಇಟ್ಟು ಬಡಗಿಗೆ ಕೊಟ್ಟು, ಗಿರಣಿಯನ್ನೂ ಸಾಲವನ್ನೂ ಒಪ್ಪಿಸಿದೆ ಎಂದ. ಅವನ ಮಟ್ಟಿಗೆ ಎಲ್ಲ ಮುಗಿಯಿತು.

ಬಡಗಿ ಮೋಸಗಾರನೇನೂ ಅಲ್ಲ, ಪಾಪ. ಆದರೆ ಬೀಸುವ ಕಲ್ಲು ಸವೆದರೆ ಅದನ್ನು ಹದ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ಹಿಟ್ಟು ತರಿತರಿಯಾಯಿತು. ಹೆಂಗಸರು ಗೊಣಗುತ್ತ ಪಕ್ಕದೂರಿನ ಗಿರಣಿಗೆ ಹೋದರು. ಕಂತು ನಿಂತಿತು.

ಒಂದು ದಿನ ಗಿರಣಿಯವನ ಮನೆಗೆ ನೋಟೀಸು ಬಂತು. ಬಾಕಿ ಕಟ್ಟದಿದ್ದರೆ ಕೋರ್ಟಿಗೆ ಹೋಗಿ ಮನೆ ಹರಾಜು ಹಾಕಿಸುತ್ತೇವೆ ಎಂದಿತ್ತು. ಅವನು ನೋಟೀಸನ್ನು ಕೈಯಲ್ಲಿ ಹಿಡಿದು ಬ್ಯಾಂಕಿಗೆ ಓಡಿ, ಐದು ಮಂದಿಯ ಎದುರಿಗೇ ಒಪ್ಪಿಸಿದ್ದೇನೆ ತಾಯಿ ಎಂದು ಮ್ಯಾನೇಜರಮ್ಮನ ಮುಂದೆ ಗೋಗರೆದ.

“ಒಪ್ಪಿಸಿದಿರಿ, ಸರಿ ಯಜಮಾನರೇ. ಒಪ್ಪಿದವರು ಯಾರು?” ಎಂದಳು ಆಕೆ.

“ಬಡಗಿ ಒಪ್ಪಿದ. ಹಿರಿಯರು ಒಪ್ಪಿದರು.”

“ಸಾಲ ಕೊಟ್ಟವರು ನಾವು. ಜಾಮೀನು ನಿಂತದ್ದು ಸರ್ಕಾರ. ನಮ್ಮನ್ನು ನೀವು ಕೇಳಲೇ ಇಲ್ಲವಲ್ಲ.”

ಆಮೇಲೆ ಆಕೆಯೇ ಬಿಡಿಸಿ ಹೇಳಿದಳು. ಬಡಗಿಯ ಕೈಲಿ ಆಗುತ್ತದೋ ಇಲ್ಲವೋ ಎಂದು ಬ್ಯಾಂಕು ನೋಡಬೇಕು, ಜಾಮೀನೂ ಅವನ ಹೆಸರಿಗೆ ಹೋಗಬೇಕು, ಆಗಲೇ ನಿಮ್ಮ ಹೆಸರು ಹೊಡೆದುಹಾಕುವುದು; ಈಗ ಬಾಕಿ ನಿಂತಿರುವಾಗ ಯಾರು ಒಪ್ಪುತ್ತಾರೆ ಎಂದಳು.

ಗಿರಣಿಯವನು ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತ. ಅತ್ತು ಮುಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮತ್ತೆ ಗಿರಣಿಗೇ ಹೋದ. ಒಂದು ವರ್ಷ ಬಡಗಿಯ ಪಕ್ಕದಲ್ಲೇ ನಿಂತು ಕೆಲಸ ಕಲಿಸಿದ. ಹೆಂಗಸರು ಮರಳಿ ಬಂದರು, ಬಾಕಿ ತೀರಿತು. ಆಗ ಬಡಗಿಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದ. ಎಲ್ಲರೂ ಒಪ್ಪಿ ಕಾಗದದಲ್ಲಿ ಹೆಸರು ಬದಲಾಯಿತು. ಅಂದಿನಿಂದ ಅವನಿಗೆ ನೆಮ್ಮದಿ.

ಗುರುಗಳು ಕತೆ ನಿಲ್ಲಿಸಿದರು. ಬಾಳಯ್ಯನಿಗೆ ಸಮಾಧಾನವಾಗಲಿಲ್ಲ. ನಾನು ಯಾರ ಸಾಲವನ್ನೂ ಉಳಿಸಿಕೊಂಡವನಲ್ಲ, ಹೆಂಡತಿ ಮಕ್ಕಳನ್ನು ಕೂಡ ತಮ್ಮನಿಗೆ ಒಪ್ಪಿಸಿಯೇ ಬಂದಿದ್ದೇನೆ ಎಂದ.

“ಅವಳು ಒಪ್ಪಿದಳೇನಪ್ಪ?” ಎಂದರು ಗುರುಗಳು.