ನಾಮಕೋಳಿ ಶುದ್ಧ ಮಾಡಿದ ಕೆರೆ

ಎಳ್ಳುಗುಂಡಿ ಕೆರೆಯಿಂದ ಎಮ್ಮೆಗಳನ್ನು ಓಡಿಸಿದ್ದು ತಪ್ಪು. ಓಡಿಸಿದ್ದು ನಾಮಕೋಳಿ. ತೆಪ್ಪಗೆ ಒಪ್ಪಿದ್ದು ಉಳಿದವರೆಲ್ಲ. ಮಕ್ಕಳೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಳೆ ಯಾರಾದರೂ "ಅಯ್ಯೋ, ಯಾರದ್ದೂ ತಪ್ಪಿಲ್ಲ" ಎಂದರೆ ನಂಬಬೇಡಿ.

ನಾಮಕೋಳಿ ಮೈಯೆಲ್ಲ ಕಪ್ಪಿರುವ ನೀರುಹಕ್ಕಿ. ಹಣೆಯ ಮೇಲೆ ಮಾತ್ರ ಒಂದು ಬಿಳಿ ನಾಮ. ಆ ನಾಮದ ಜಂಬ ಅದಕ್ಕೆ ಬಹಳ.

ಎಮ್ಮೆಗಳು ದಿನಾ ಮಧ್ಯಾಹ್ನ ಕೆರೆಗಿಳಿದು ಜೊಂಡುಹುಲ್ಲು ಮೇಯುತ್ತಿದ್ದವು, ಕೆಸರಲ್ಲಿ ಹೊರಳುತ್ತಿದ್ದವು.

"ಥೂ! ನಾನು ಮುಳುಗೇಳುವ ನೀರಲ್ಲಿ ಸಗಣಿ! ಈ ಕರಿಮೂತಿಗಳಿಗೆ ಮಡಿ ಮೈಲಿಗೆ ಒಂದೂ ಇಲ್ಲ" ಎಂದಿತು ನಾಮಕೋಳಿ.

"ನಿನ್ನ ಮೈ ಯಾವ ಬಣ್ಣವೇ, ತಾಯಿ?" ಎಂದು ಕೇಳಿತು ಮುದಿ ಎಮ್ಮೆ ದೊಡ್ಡಕ್ಕ.

ಕಪ್ಪೆಗಳು ಕಿಸಕ್ಕನೆ ನಕ್ಕವು. ನಾಮಕೋಳಿಗೆ ಉರಿದುಹೋಯಿತು. ಅಂದೇ ಕೆರೆಯ ಹಕ್ಕಿ, ಕಪ್ಪೆ, ಆಮೆಗಳ ಸಭೆ ಕರೆದು ಹಕ್ಕಿಗಳಿಗೆ ಹೇಳಿತು: "ಎಮ್ಮೆ ಇಳಿದರೆ ಕಣ್ಣಿಗೇ ಕುಕ್ಕಿ!"

"ಮತ್ತೆ ಜೊಂಡು ತಿನ್ನೋರು ಯಾರು?" ಎಂದಿತು ಆಮೆ.

"ನಿನ್ನನ್ನು ಯಾರು ಕೇಳಿದರು? ಚಿಪ್ಪಿನೊಳಗೆ ಹೋಗು."

ಆಮೆ ಹೋಯಿತು. ಕುಕ್ಕಿಸಿಕೊಂಡ ಎಮ್ಮೆಗಳು ಕಿವಿ ಕೊಡವಿ ಬೇರೆ ಹಳ್ಳ ಹುಡುಕಿಕೊಂಡವು.

ಮೊದಲ ಮಳೆಗಾಲದಲ್ಲಿ ನೀರು ತಿಳಿಯಾಯಿತು. ನಾಮಕೋಳಿ ಅದರಲ್ಲಿ ತನ್ನ ನಾಮ ನೋಡಿಕೊಂಡಿತು. ಎರಡನೆಯ ಮಳೆಗಾಲಕ್ಕೆ ಜೊಂಡು ಆಳುದ್ದ ಬೆಳೆಯಿತು. "ಒಳ್ಳೇ ನೆರಳು!" ಎಂದಿತು. ಮೂರನೆಯದಕ್ಕೆ ಕೆರೆಯೇ ಮುಚ್ಚಿಹೋಯಿತು. ದೂರದಿಂದ ಬಂದ ಬಾತುಗಳು ಇಳಿಯಲು ನೀರು ಕಾಣದೆ, ಮೇಲೆಯೇ ಎರಡು ಸುತ್ತು ಹಾಕಿ ಹೊರಟುಹೋದವು.

"ಹೋಗಲಿ, ಜನ ಕಡಿಮೆಯಾದಷ್ಟೂ ಶುದ್ಧ" ಎಂದಿತು ನಾಮಕೋಳಿ.

ಜೊಂಡಿನ ಮರೆ ಹಿಡಿದು ಕಾಡುಬೆಕ್ಕು ಬಂತು.

ನಾಮಕೋಳಿಗೆ ನಿಂತಲ್ಲಿಂದ ಹಾರಲು ಬರುವುದಿಲ್ಲ. ನೀರಿನ ಮೇಲೆ ಪಟಪಟ ಹೆಜ್ಜೆಯಿಟ್ಟು ಹತ್ತಿಪ್ಪತ್ತು ಮಾರು ಓಡಿದ ಮೇಲೆಯೇ ಅದು ಮೇಲೇಳುವುದು. ಓಡಲು ಈಗ ಒಂದು ಮಾರು ಬಯಲು ನೀರೂ ಇರಲಿಲ್ಲ. ಎರಡೇ ಹೆಜ್ಜೆ, ಕಾಲಿಗೆ ಜೊಂಡು ಸುತ್ತಿಕೊಂಡಿತು.

"ದೊಡ್ಡಕ್ಕಾ! ಬಾರೇ, ನನ್ನವ್ವಾ!"

ಬೆಕ್ಕು ಸುತ್ತ ನೋಡಿತು. "ಯಾರನ್ನು ಕರೀತೀಯಮ್ಮ? ಮೈಲಿಗೆಯವರು ಇಲ್ಲಿ ಯಾರೂ ಇಲ್ಲವಲ್ಲ!"

ಆಮೇಲೆ ಬೆಕ್ಕು ಮಾತಾಡಲಿಲ್ಲ. ಅದರ ಬಾಯಿ ತುಂಬಿತ್ತು.

ನೀತಿ: ನೆರೆಯವರನ್ನು ಓಡಿಸಿದವರಿಗೆ ಕೊನೆಗೆ ತಮಗೂ ನೆಲೆಯಿಲ್ಲ. ನಿಮ್ಮೂರಲ್ಲಿ ಅಂಥ ಸಭೆ ಸೇರಿದರೆ ಆಮೆಯಂತೆ ಚಿಪ್ಪಿಗೆ ಹೋಗಬೇಡಿ, ಎದ್ದು ನಿಂತು "ಆಗದು" ಎನ್ನಿ.