ಕಹಿ ತೊಳೆ

ಹೊಳೆಯ ದಂಡೆಯಲ್ಲಿ ಚಿದಂಬರ ಗುರುಗಳ ಪುಟ್ಟ ಆಶ್ರಮ. ಅದರ ಹಿತ್ತಿಲಲ್ಲಿ ಆ ಊರಿನವರು ಹೆಸರೂ ಕೇಳಿರದ ಹಣ್ಣಿನ ಮರಗಳಿದ್ದವು. ರಂಬುಟಾನ್, ದುರಿಯನ್, ಮ್ಯಾಂಗೋಸ್ಟೀನ್. ದೂರದ ದೇಶಕ್ಕೆ ಹೋಗಿ ಬಂದವರಿಂದ ಬೀಜ ತರಿಸಿ ಗುರುಗಳೇ ಹಾಕಿ ಬೆಳೆಸಿದ್ದು.

ಅವನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ಸುಬ್ರಾಯ. ನಲವತ್ತು ದಾಟಿದವನು, ಆಶ್ರಮಕ್ಕೆ ಬಂದು ಆರು ವರ್ಷವಾಗಿತ್ತು. ಯಾವ ಗಿಡಕ್ಕೆ ಎಷ್ಟು ನೆರಳು ಬೇಕು, ಎಷ್ಟು ಗೊಬ್ಬರ ಬೇಕು, ಎಲ್ಲ ಅವನಿಗೆ ಬಾಯಿಪಾಠ. ಬಾವಲಿಗಳು ಮುಟ್ಟದಿರಲೆಂದು ರಂಬುಟಾನ್ ಗೊಂಚಲುಗಳಿಗೆ ತನ್ನ ಹಳೆಯ ಪಂಚೆಯನ್ನೇ ಹರಿದು ಕಟ್ಟಿದ್ದ.

ಹಣ್ಣಾದಾಗ ಗುರುಗಳು ಒಂದು ಚೂರು ತಾವು ತೆಗೆದುಕೊಂಡು ಉಳಿದದ್ದನ್ನು ಅವನಿಗೆ ಕೊಡುತ್ತಿದ್ದರು.

“ಹೇಗಿದೆ ಸುಬ್ರಾಯ?”

“ಸಿಹಿಯಾಗಿದೆ ಗುರುಗಳೇ.”

“ಮತ್ತೆ?”

“ತುಂಬಾ ಸಿಹಿಯಾಗಿದೆ.”

ಗುರುಗಳು ತಲೆಯಾಡಿಸುತ್ತಿದ್ದರು. ಇದು ತನ್ನ ವೈರಾಗ್ಯದ ಪರೀಕ್ಷೆ ಎಂದು ಸುಬ್ರಾಯ ತಿಳಿದಿದ್ದ. ರುಚಿಗೆ ಸೋಲಬಾರದು ಎಂದು ಬೇಗ ಬೇಗ ನುಂಗಿ, ಕೈ ತೊಳೆದು ಕೆಲಸಕ್ಕೆ ಹೋಗುತ್ತಿದ್ದ.

ಆ ವರ್ಷ ಮ್ಯಾಂಗೋಸ್ಟೀನ್ ಮೊದಲ ಫಲ ಬಿಟ್ಟಿತು. ನಿಂತದ್ದು ಮೂರೇ ಕಾಯಿ. ಆಷಾಢದಲ್ಲಿ ಮಳೆ ಬಿಟ್ಟ ಒಂದು ಬೆಳಿಗ್ಗೆ ಮೂರೂ ಕಡು ನೇರಳೆಗೆ ತಿರುಗಿದ್ದವು. ಸುಬ್ರಾಯ ಅವನ್ನು ಬಾಳೆ ಎಲೆಯಲ್ಲಿಟ್ಟು ಜಗಲಿಗೆ ತಂದ.

“ಇದರ ಅಡಿಯಲ್ಲಿ ಆರು ದಳದ ಗುರುತಿದೆ, ನೋಡಿ. ಒಳಗೂ ಆರೇ ತೊಳೆ ಇರುತ್ತವೆ” ಎಂದ.

ಗುರುಗಳು ಹಣ್ಣನ್ನು ಒತ್ತಿ ಬಿಡಿಸಿದರು. ಒಳಗೆ ಬೆಳ್ಳಗೆ ಆರು ತೊಳೆ. ಒಂದನ್ನು ಬಾಯಿಗೆ ಹಾಕಿಕೊಂಡು ಅಗಿದು ನುಂಗಿದರು. ಪಕ್ಕದ್ದನ್ನು ಅವನಿಗೆ ಕೊಟ್ಟರು.

ಸುಬ್ರಾಯನಿಗೆ ನುಂಗಲಾಗಲಿಲ್ಲ. ಹಾಗಲಕಾಯಿಗಿಂತ ಕಹಿ. ಅಂಗಳಕ್ಕೆ ಓಡಿ ಉಗುಳಿ ಬಂದ. ಹಣ್ಣಿನ ನಡುವಿನಿಂದ ಹಳದಿ ಅಂಟು ಇಳಿದು ತೊಳೆಗಳ ಬೆನ್ನಿಗೆಲ್ಲ ಹತ್ತಿತ್ತು.

ಗುರುಗಳ ಮುಖ ಮಾತ್ರ ಹಾಗೇ ಇತ್ತು. ಅವರು ಇನ್ನೊಂದು ತೊಳೆಗೆ ಕೈ ಹಾಕುತ್ತಿದ್ದರು.

ಸುಬ್ರಾಯ ಅವರ ಕೈ ಹಿಡಿದ. ತಾನು ಸಾರಿಗೆ ಉಪ್ಪು ಮರೆತ ದಿನಗಳು ಅವನಿಗೆ ನೆನಪಾದವು. ಗುರುಗಳು ಒಂದು ಮಾತೂ ಆಡದೆ ಉಂಡಿದ್ದರು. ಎಂಥ ವೈರಾಗ್ಯ ಎಂದು ಅವನು ಆಗ ಕೈಮುಗಿದಿದ್ದ.

“ಗುರುಗಳೇ, ನಿಮಗೆ ರುಚಿ ಗೊತ್ತಾಗುವುದಿಲ್ಲವೇ?”

“ಇಲ್ಲಪ್ಪ. ಹನ್ನೆರಡು ವರ್ಷದ ಹಿಂದೆ ಒಂದು ಜ್ವರ ಬಂತು. ಜ್ವರ ಬಿಟ್ಟಿತು. ರುಚಿ, ವಾಸನೆ ಎರಡೂ ಅದರ ಜೊತೆಗೇ ಹೋದವು.”

“ಈ ಮರಗಳನ್ನೆಲ್ಲ ನೆಟ್ಟದ್ದು?”

“ಆಮೇಲೆಯೇ.”

“ರುಚಿ ಹೋದ ಮೇಲೆ ಹಣ್ಣಿನ ಮರ ಯಾಕೆ ಗುರುಗಳೇ?”

“ಐವತ್ತೈದು ವರ್ಷ ಈ ನಾಲಿಗೆ ನನಗೆ ಊಟ ಮಾಡಿಸಿತ್ತು” ಎಂದರು ಗುರುಗಳು. “ಒಂದು ದಿನವೂ ನಾನು ಅದನ್ನು ನೆನೆದಿರಲಿಲ್ಲ. ಹೋದ ಮೇಲೆ ನೆನಪಾಯಿತು. ಹೋದದ್ದಕ್ಕೆ ಅಳುವುದೋ, ಇದ್ದದ್ದರ ಋಣಕ್ಕೆ ಏನಾದರೂ ಮಾಡುವುದೋ? ನಾಲಿಗೆ ಇರುವವರು ತಿನ್ನಲಿ ಎಂದು ಬೀಜ ಹಾಕಿದೆ.”

“ನನ್ನನ್ನು ಕೇಳುತ್ತಿದ್ದಿರಲ್ಲ. ನಾನು ಅದನ್ನು ಪರೀಕ್ಷೆ ಅಂದುಕೊಂಡಿದ್ದೆ.”

“ಹಣ್ಣು ಹೇಗಿದೆ ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಕೇಳುತ್ತಿದ್ದೆ.”

ಸುಬ್ರಾಯ ಎರಡನೆಯ ಹಣ್ಣನ್ನು ಬಿಡಿಸಿದ. ಇದರಲ್ಲಿ ಅಂಟು ಇರಲಿಲ್ಲ. ಒಂದು ತೊಳೆ ಬಾಯಿಗಿಟ್ಟು ಕಣ್ಣು ಮುಚ್ಚಿದ. ಈ ಸಲ ಅವಸರ ಮಾಡಲಿಲ್ಲ.

“ಮೊದಲು ಹುಳಿ” ಎಂದ ನಿಧಾನಕ್ಕೆ. “ನಾಲಿಗೆಯ ಅಂಚಿಗೆ ಮಾತ್ರ. ಮುರುಗಲ ಹಣ್ಣಿನ ಹುಳಿಯೇ, ಆದರೆ ಅಷ್ಟು ಜೋರಿಲ್ಲ.”

“ಹ್ಞೂಂ.”

“ಆಮೇಲೆ ತಂಪು. ಎಳೆಯ ತಾಟಿನಿಂಗಿನ ಹಾಗೆ. ಅದಕ್ಕಿಂತ ಮೆತ್ತಗಿದೆ, ಅಗಿಯುವುದೇ ಬೇಡ. ಸಿಹಿ ಈಗ ಬಂತು. ಬಂತು ಅನ್ನುವಷ್ಟರಲ್ಲಿ ಹೋಯಿತು.”

“ಹೋಯಿತೇ?”

“ಇಲ್ಲ, ಗಂಟಲ ಹತ್ತಿರ ಇನ್ನೂ ಇದೆ. ಬೀಜದ ಸುತ್ತ ಸಣ್ಣ ನಾರು. ಅಲ್ಲಿ ಮತ್ತೆ ಹುಳಿ.”

“ವಾಸನೆ?”

ಸುಬ್ರಾಯ ಇನ್ನೊಂದು ತೊಳೆಯನ್ನು ಮೂಗಿನ ಹತ್ತಿರ ಹಿಡಿದ. “ಜಾಸ್ತಿ ಇಲ್ಲ. ಸುರಗಿ ಹೂವನ್ನು ಮುಡಿದು ತೆಗೆದ ಮೇಲೆ ಕೂದಲಲ್ಲಿ ಉಳಿಯುತ್ತದಲ್ಲ, ಅಷ್ಟೇ. ನಮ್ಮ ಅಮ್ಮನ ತಲೆಯಲ್ಲಿ ಇರುತ್ತಿತ್ತು.”

ಅವನು ಕಣ್ಣು ಬಿಟ್ಟಾಗ ಗುರುಗಳು ಗೋಡೆಗೆ ಒರಗಿ ಕುಳಿತಿದ್ದರು. ಖಾಲಿ ಬಾಯಿ ಮೆಲ್ಲಗೆ ಆಡುತ್ತಿತ್ತು. ಮುಖದಲ್ಲಿ ಉಂಡವರ ತೃಪ್ತಿ ಇತ್ತು.

ಸುಬ್ರಾಯ ಅವರ ಪಾದದ ಮೇಲೆ ತಲೆಯಿಟ್ಟ.

“ತಪ್ಪಾಯಿತು ಗುರುಗಳೇ. ಮನೆ ತುಂಬ ಹಣ್ಣಿದ್ದರೂ ಇಷ್ಟು ವರ್ಷ ನಿಮ್ಮನ್ನು ಉಪವಾಸ ಕೆಡವಿದೆ.”

ಗುರುಗಳು ಅವನ ಭುಜ ಹಿಡಿದು ಎಬ್ಬಿಸಿದರು. ಉಳಿದ ಒಂದು ಹಣ್ಣನ್ನು ತಾವೇ ಬಿಡಿಸಿ ಅವನ ಅಂಗೈಯಲ್ಲಿ ಇಟ್ಟರು.

“ಉಪವಾಸ ಇದ್ದದ್ದು ನಾನಲ್ಲಪ್ಪ, ನೀನು. ತಿನ್ನು.”