ಕಂಬಳಿ ಪುಟಕ್ಕೆ ಹನ್ನೊಂದು ಸೆಕೆಂಡು

ಹಿರೇಕಣಿವೆಯ ಮಾಳಮ್ಮನಿಗೆ ಇದ್ದದ್ದು ಒಬ್ಬನೇ ಮಗ, ಆ ಒಬ್ಬನೇ ಅವಳಿಗೆ ಹತ್ತು ಜನರಷ್ಟಾಗಿದ್ದ. ಹೆಸರು ಮೈಲಾರಿ. ನೀರು ತಾರೋ ಅಂದರೆ ತರುತ್ತಿದ್ದ. ಬಿಂದಿಗೆಯಲ್ಲಿ ಅನ್ನಲಿಲ್ಲವಲ್ಲ ಅಂತ ಬೊಗಸೆಯಲ್ಲಿ ತರುತ್ತಿದ್ದ. ಕಂಪ್ಯೂಟರ್ ಮಾತ್ರ ಚೆನ್ನಾಗಿ ಕಲಿತ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದರಲ್ಲಿ ಅದಕ್ಕೂ ಇವನಿಗೂ ಬಹಳ ಹೊಂದಾಣಿಕೆ.

ಮಾಳಮ್ಮ ಊರಿನ ಕಂಬಳಿ ನೇಕಾರರ ಸಂಘದಲ್ಲಿ ಟೀ ಕಾಸುತ್ತಿದ್ದಳು. ಸಂಘದವರು ಕಂಬಳಿಯನ್ನು ವೆಬ್‌ಸೈಟಿನಲ್ಲೂ ಮಾರತೊಡಗಿದಾಗ, ಅದನ್ನು ನೋಡಿಕೊಳ್ಳೋಕೆ ಮಗನನ್ನು ಸೇರಿಸಿಕೊಳ್ಳಿ ಅಂತ ಕಾರ್ಯದರ್ಶಿ ಚನ್ನಬೀರಪ್ಪನನ್ನು ಕೇಳಿಕೊಂಡಳು. "ಅವನು ಕೆಡಿಸಿದರೆ ಅವನ ಜತೆ ನಾನೂ ಕೆಲಸ ಬಿಡ್ತೀನಿ" ಅಂತ ಮಾತು ಕೊಟ್ಟಳು.

ಚನ್ನಬೀರಪ್ಪನೋ ಅನುಮಾನದ ಮನುಷ್ಯ. ಬೆಕ್ಕು ಎರಡು ಸಲ ಹಾದುಹೋದರೆ ಇದನ್ನು ಕಳಿಸಿದವರು ಯಾರು ಅನ್ನುವವನು.

ಒಂದು ಸೋಮವಾರ ಮೈಲಾರಿಯನ್ನು ಕರೆದ. "ಕಂಬಳಿ ಪುಟ ತೆರೆಯೋಕೆ ಹನ್ನೊಂದು ಸೆಕೆಂಡು ಹಿಡೀತೈತಂತೆ. ಜನ ಕಾಯದೆ ಹೋಗ್ತಾರೆ. ತಾನಾಗಿ ಆಗಿದ್ದಲ್ಲ ಇದು, ಯಾರೋ ಮಾಡಿಸಿದ್ದು. ಶುಕ್ರವಾರದೊಳಗೆ ಸರಿಹೋಗದಿದ್ರೆ ತಾಯಿ ಮಗ ಇಬ್ಬರೂ ಮನೆಗೆ. ಹೋಗು, ಎಷ್ಟು ತಡ ಆಗ್ತೈತೆ ನೀನೇ ತೆರೆದು ತೆರೆದು ನೋಡು."

ಮೈಲಾರಿ ತೆರೆದ. ಮುಚ್ಚಿದ. ತೆರೆದ. ಮುಚ್ಚಿದ. ಸಂಜೆಯ ಹೊತ್ತಿಗೆ ಸಾವಿರ ಸಲ ತೆರೆದಿದ್ದ. ಹನ್ನೊಂದು ಸೆಕೆಂಡಿದ್ದದ್ದು ಮೂವತ್ತಾಗಿತ್ತು.

"ಬಾವೀಲಿ ನೀರು ಐತಾ ನೋಡು ಅಂದ್ರೆ ಇರೋ ನೀರೆಲ್ಲ ಸೇದಿ ಚೆಲ್ಲಿದ್ಯಲ್ಲೋ," ಅಂದ ಚನ್ನಬೀರಪ್ಪ. "ಪುಟ ಮುಟ್ಟಬೇಡ, ಲಾಗ್ ನೋಡು. ಯಾರು ಬಂದರೂ ನಮ್ಮ ಸರ್ವರ್ ಒಂದು ಸಾಲು ಬರೆದಿಡ್ತೈತೆ: ಯಾವ ಕಂಪ್ಯೂಟರಿನ ವಿಳಾಸದಿಂದ ಬಂದ್ರು, ಯಾವ ಪುಟ ಕೇಳಿದ್ರು, ಎಷ್ಟು ಸೆಕೆಂಡು ಹಿಡೀತು. ಅದೇ ಲಾಗ್. ನಾಳೆ ನಾನು ಬರೋ ಹೊತ್ತಿಗೆ ಅದರಲ್ಲಿ ಮೂರು ಸೆಕೆಂಡು ಮೀರಿದ ಸಾಲು ಒಂದೂ ಇರಕೂಡದು."

ಮಾರನೆಯ ದಿನ ಒಂದೂ ಇರಲಿಲ್ಲ. ಇಡೀ ಲಾಗಿನಲ್ಲಿ ಇದ್ದದ್ದೇ ನಾಲ್ಕು ಸಾಲು.

ಚನ್ನಬೀರಪ್ಪ ಕಣ್ಣು ಕಿರಿದು ಮಾಡಿದ. "ನಿನ್ನೆ ಅಷ್ಟೊಂದು ಸಾಲಿತ್ತು. ಮಿಕ್ಕಿದ್ದೆಲ್ಲಿ? ಯಾರಿಗೆ ಕೊಟ್ಟೆ?"

"ಯಾರಿಗೂ ಇಲ್ಲ ಸರ್, ಅಳಿಸಿದೆ. ಇರಕೂಡದು ಅಂದ್ರಲ್ಲ."

"ಅಕ್ಕೀಲಿ ಹುಳ ಐತೆ ಅಂದ್ರೆ ಅಕ್ಕೀನೇ ತಿಪ್ಪೆಗೆ ಸುರಿಯೋನು ನೀನು. ಬರೆದದ್ದನ್ನ ಅಳಿಸಬೇಡ. ಬಂದೋರ ಮೇಲೆ ಕಣ್ಣಿಡು. ಯಾರು, ಎಲ್ಲಿಂದ, ಯಾಕೆ ಬಂದ್ರು ಅಂತ ತಿಳ್ಕೊಂಡೇ ಒಳಗೆ ಬಿಡು."

ಬುಧವಾರದಿಂದ ಪುಟದ ಮುಂದೊಂದು ಪ್ರಶ್ನೆಪತ್ರಿಕೆ ಎದ್ದಿತು. ನೀವು ಯಾರು? ಯಾವ ಊರು? ಯಾರ ಮಗ, ಯಾರ ಮಗಳು? ಕಂಬಳಿ ಯಾಕೆ ಬೇಕು? ಮನೆಯಲ್ಲಿ ಹಳೆಯದು ಇಲ್ಲವೆ? ಉತ್ತರ ಬಂದರೆ ಮೈಲಾರಿ ಎರಡೆರಡು ಸಲ ಓದಿ, ನಂಬಿಕೆ ಹುಟ್ಟಿದರೆ ಬಿಡುತ್ತಿದ್ದ. ಲಾಗಿನಲ್ಲಿ ಇಪ್ಪತ್ತಾರು ನಿಮಿಷ ಹಿಡಿದ ಸಾಲುಗಳು ಬಿದ್ದವು. ತಿಪಟೂರಿನಿಂದ ಯಾರೋ ಅಜ್ಜಿ ಫೋನ್ ಮಾಡಿ, "ಚಳಿಗೆ ಕಂಬಳಿ ಕೇಳಿದ್ರೆ ಹೆಣ್ಣು ಕೊಡೋರ ಹಾಗೆ ವಿಚಾರಿಸ್ತೀರಲ್ಲಪ್ಪ," ಅಂದರು.

ಗುರುವಾರ ಸಂಜೆ ಮಾಳಮ್ಮ ತಲೆ ಮೇಲೆ ಕೈಹೊತ್ತು ಕೂತಳು. "ನಾಳೆಗೆ ನಮ್ಮಿಬ್ಬರ ಅನ್ನಾನೂ ಹೋಗ್ತೈತೆ ಮಗನೆ. ಎಲ್ಲರನ್ನೂ ಯಾಕೋ ತಡೀತೀಯ? ಟೀಗೆ ಬರೋರನ್ನ ನಾನು ದಿನಾ ನೋಡಲ್ವ? ನೂಕಾಡೋರು ಒಬ್ಬಿಬ್ರೇ. ಯಾರು ಎಲ್ಲರಿಗಿಂತ ಹೆಚ್ಚು ಸಲ ಬರ್ತಾರೋ ಅವರಿಗೆ ಬಾಗಿಲು ಹಾಕು, ಮಿಕ್ಕೋರಿಗೆ ತೆಗಿ."

ಶುಕ್ರವಾರ ಮೈಲಾರಿ ಪ್ರಶ್ನೆಗಳನ್ನೆಲ್ಲ ಕಿತ್ತುಹಾಕಿ ಲಾಗ್ ಎಣಿಸಿದ. ಒಂದು ವಿಳಾಸದಿಂದ ಒಂದೇ ದಿನದಲ್ಲಿ ಎಂಬತ್ತಾರು ಸಾವಿರ ಸಲ ಬಂದಿದ್ದರು. ಆ ವಿಳಾಸಕ್ಕೆ ಬಾಗಿಲು ಹಾಕಿದ. ಹಾಕಿದ್ದೇ ತಡ, ಕಂಬಳಿ ಪುಟ ಒಂದು ಸೆಕೆಂಡಿಗೆ ತೆರೆದುಕೊಂಡಿತು. ಮಧ್ಯಾಹ್ನದೊಳಗೆ ನಲವತ್ತು ಕಂಬಳಿಗೆ ಬೇಡಿಕೆ ಬಂತು.

ಅಷ್ಟರಲ್ಲಿ ಚನ್ನಬೀರಪ್ಪನ ಕೋಣೆಯಿಂದ ಕೂಗು. "ಪುಟಾನೇ ಇಲ್ಲ. ಕದ್ದುಬಿಟ್ರು."

ನೇಕಾರರೆಲ್ಲ ಮಗ್ಗ ಬಿಟ್ಟು ಬಾಗಿಲಿಗೆ ಬಂದರು. ಮೈಲಾರಿ ಒಳಗೆ ಹೋಗಿ, "ಎಲ್ಲೂ ಹೋಗಿಲ್ಲ ಸರ್. ನಿಮಗೊಬ್ಬರಿಗೇ ಬಾಗಿಲು ಹಾಕಿದೀನಿ. ಎಲ್ಲರಿಗಿಂತ ಹೆಚ್ಚು ಬಂದೋರು ನೀವೇ," ಅಂದ.

ನಿಜ. ಯಾರಾದರೂ ಏನಾದರೂ ಮಾಡಿಯಾರು ಅಂತ, ಸೆಕೆಂಡಿಗೊಮ್ಮೆ ತಾನಾಗಿ ತೆರೆದುಕೊಳ್ಳುವ ಹಾಗೆ ಪುಟವನ್ನು ತನ್ನ ಕಂಪ್ಯೂಟರಿನಲ್ಲಿ ಇಟ್ಟು ಹಗಲೂ ರಾತ್ರಿ ಕಾವಲು ಕಾಯುತ್ತಿದ್ದವನು ಚನ್ನಬೀರಪ್ಪನೇ. ಅನುಮಾನ ಪಡೋಕೆ ಬೇರೆ ಯಾರೂ ಉಳಿಯಲಿಲ್ಲ. ನೇಕಾರರ ಮುಖ ನೋಡಿದ, ಕೆಮ್ಮಿದ. "ಇಬ್ಬರೂ ಇರಿ. ಕೆಲಸ ಮಾಡ್ಕೊಂಡಿರಿ," ಅಂದ.

ಮಾಳಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆಗೆ ಬಂದವಳೇ ಪಾಯಸಕ್ಕಿಟ್ಟಳು. ನೀರಿಗೆ ಹೊರಗೆ ಹೋದಳು, ಬಂದಳು. ಸೌದೆಗೆ ಹೋದಳು, ಬಂದಳು. ಬೆಲ್ಲಕ್ಕೆ ಹೋದಳು, ಬಂದಳು. ಮನೆಯ ಕೋಳಿಯೂ ಆಗಾಗ ಅವಳ ಹಿಂದೆ ಹೋಯಿತು, ಬಂತು. ಮೈಲಾರಿ ಹೊಸ್ತಿಲ ಪಕ್ಕ ಕೂತು, ಒಂದು ಸಲ ಬಂದರೆ ಒಂದು ಗೆರೆ ಅಂತ ಸುಣ್ಣದ ಕಡ್ಡಿಯಲ್ಲಿ ಗೋಡೆ ಮೇಲೆ ಎಳೆಯುತ್ತಿದ್ದ. ಏಲಕ್ಕಿ ಕೇಳೋಕೆ ಅವಳು ಪಕ್ಕದ ಮನೆಗೆ ಹೋದಾಗ ಎದ್ದು ಅಗುಳಿ ಹಾಕಿದ.

"ಮೈಲಾರಿ, ಬಾಗಿಲು ತೆಗಿಯೋ."

"ಆಗಲ್ಲವ್ವ. ಎಲ್ಲರಿಗಿಂತ ಹೆಚ್ಚು ಬಂದೋಳು ನೀನೇ. ಹತ್ತೊಂಬತ್ತು ಸಲ."

"ಪಾಯಸ ತಳ ಹಿಡೀತೈತೋ, ಮುಂಡೇದೆ."

"ಹಿಡೀತೈತೆ. ವಾಸನೆ ಬರ್ತಾ ಐತೆ," ಅಂದ ಮೈಲಾರಿ. ಆಮೇಲೆ ಗೋಡೆ ಕಡೆ ತಿರುಗಿ ಇನ್ನೊಮ್ಮೆ ಎಣಿಸಿದ. "ಕೋಳಿ ಅಲ್ಲೇ ಇದ್ರೆ ಕಿಟಕಿ ಹತ್ರ ಎತ್ಕೊಡವ್ವ, ಒಳಗೆ ಬಿಟ್ಕೊತೀನಿ. ಅದು ಬಂದಿರೋದು ಆರೇ ಸಲ."